ಚಿಕ್ಕಮ್ಮನಿಗೆ ಹಿಡಿಸದ ಥ್ರಿಲ್ಲರ್

ಮಾತಾಡುವ ಮೊದಲು ಚಿಕ್ಕಮ್ಮ ಎರಡು ಬೆರಳಿಂದ ಗಂಟಲು ಮುಟ್ಟಿಕೊಳ್ಳುತ್ತಿದ್ದರು. ಆಮೇಲೆ ಒಮ್ಮೆ ಚಿಕ್ಕಪ್ಪನ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಅವರು ಹೇಳಬೇಕಾದ ಉತ್ತರವನ್ನು ಚಿಕ್ಕಪ್ಪನೇ ಹೇಳಿ ಮುಗಿಸಿರುತ್ತಿದ್ದರು.

ಅವರು ನನ್ನ ಅಮ್ಮನ ತಂಗಿ. ಗೋಣಿಬೀಡಿನ ಹತ್ತಿರ ಸಣ್ಣ ಕಾಫಿ ತೋಟ. ಚಿಕ್ಕಪ್ಪ ಊರಿಗೆಲ್ಲ ಬೇಕಾದವರು. ಕುಡಿದವರಲ್ಲ, ದನಿ ಎತ್ತಿದವರಲ್ಲ. "ನಮ್ಮೋಳಿಗೆ ಸ್ವಲ್ಪ ಮರೆವು, ಪಾಪ" ಎಂದು ನಗುತ್ತಲೇ ಹೆಂಡತಿಯ ಶಾಲು ಸರಿಮಾಡುತ್ತಿದ್ದರು. ಸಿಕ್ಕರೆ ಇಂಥ ಗಂಡ ಸಿಗಬೇಕು ಎಂದು ನಾವೆಲ್ಲ ಅಂದುಕೊಂಡವರೇ.

ಚಿಕ್ಕಮ್ಮನಿಗೆ ಪತ್ತೇದಾರಿ ಕಥೆಗಳ ಹುಚ್ಚು. ಅರ್ಧ ಓದುವಷ್ಟರಲ್ಲಿ ಕೊಲೆಗಾರ ಯಾರೆಂದು ಹೇಳಿ, ಸಣ್ಣ ಹುಡುಗಿಯಂತೆ ನಗುತ್ತಿದ್ದರು. ಒಮ್ಮೆ ಚಿಕ್ಕಪ್ಪ ಚಿಕ್ಕಮಗಳೂರಿಗೆ ಹೋಗಿದ್ದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಒಂದು ಥ್ರಿಲ್ಲರ್ ನೋಡಿದೆವು. ಗಂಡನೊಬ್ಬ ಹೆಂಡತಿಯನ್ನು ಹುಚ್ಚಿ ಎಂದು ನಂಬಿಸುವ ಕಥೆ.

"ಥೂ, ಚೆನ್ನಾಗಿಲ್ಲ ಮಾರಾಯ್ತಿ" ಎಂದರು. "ಬಂದ ಕೂಡ್ಲೇ ಅವ್ನು ಕೆಟ್ಟೋನು ಅಂತ ಗೊತ್ತಾಗುತ್ತೆ. ಹಂಗೆ ಮುಖದ ಮೇಲೇ ಕಂಡಿದ್ರೆ ಯಾರು ಸಿಕ್ಕಾಕೊಳ್ತಾರೆ?"

ನಾನು ನಕ್ಕೆ. ಅವರು ನಗಲಿಲ್ಲ.

"ನಿನ್ ಚಿಕ್ಕಪ್ಪ ಬೀರು ಕೀ ತಗೊಂಡು ಅಕ್ಕಿ ಡಬ್ಬಿಗೆ ಹಾಕಿದ್ದು ನಾನೇ ನೋಡ್ದೆ. ಆಮೇಲೆ ನೆಂಟ್ರ ಮುಂದೆ ಅವ್ರೇ ತೆಗ್ದು, 'ನೋಡಿ, ಇಲ್ಲಿಟ್ಟಿದ್ದಾಳೆ' ಅಂದ್ರು."

"ಅಲ್ಲೇ ಹೇಳ್ಬೇಕಿತ್ತು, ಚಿಕ್ಕಮ್ಮ."

"ಯಾರು ನಂಬ್ತಾರೆ? ನಂಗೆ ಮರೆವು ಅಂತ ಊರಿಗೆಲ್ಲ ಹೇಳಿಟ್ಟಾಗಿದೆ."

ಮರುವರ್ಷ ನನಗೆ ಮೂಡಿಗೆರೆ ಕಡೆಯ ಸಂಬಂಧವೊಂದು ಕೂಡಿಬಂತು. ಮಾತುಕತೆಯ ದಿನ ಚಿಕ್ಕಮ್ಮ, "ಮದುವೆ ಆದ್ಮೇಲೂ ಕೆಲ್ಸಕ್ಕೆ ಹೋಗ್ತೀಯಾ?" ಎಂದು ನನ್ನನ್ನು ಕೇಳಿದರು. ಹುಡುಗ ಬಾಯಿ ಹಾಕಿದ: "ಅವ್ಳಿಗೆ ಅದೆಲ್ಲ ತಿಳಿಯಲ್ಲ ಆಂಟಿ. ನಾನಿದೀನಲ್ಲ, ನೋಡ್ಕೋತೀನಿ." ಎಲ್ಲರೂ ನಕ್ಕರು.

ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ಎಲ್ಲರೆದುರು ನಿನ್ನ ಪೆದ್ದಿ ಮಾಡ್ದ. ನೀನೂ ನಕ್ಕೆ. ಮೊದಲ ಸಲ ನಾನೂ ಹೀಗೇ ನಕ್ಕಿದ್ದೆ ಕಣೇ."

ಅವರು ಹೊರಗೆ ಬಂದವರೇ ಅಪ್ಪನೆದುರು ನಿಂತು, "ಭಾವ, ಈ ಸಂಬಂಧ ಬೇಡ" ಎಂದುಬಿಟ್ಟರು. ಅಂದು ಅವರು ಚಿಕ್ಕಪ್ಪನ ಮುಖ ನೋಡಲಿಲ್ಲ.

"ಏನು ಮಾತಾಡ್ತಿದೀನಿ ಅನ್ನೋದೇ ಇವ್ಳಿಗೆ ಗೊತ್ತಿಲ್ಲ, ಕ್ಷಮಿಸಿ" ಎಂದು ಚಿಕ್ಕಪ್ಪ ಮೆಲ್ಲಗೆ ನಕ್ಕರು.

"ನಂಗೂ ಬೇಡ" ಎಂದೆ.

ಸಂಬಂಧ ಮುರಿದು ನಾನು ಉಳಿದೆ. ಆದರೆ ಚಿಕ್ಕಪ್ಪ ಮತ್ತೆಂದೂ ಅವರನ್ನು ನಮ್ಮ ಮನೆಗೆ ಕರೆತರಲಿಲ್ಲ. ಫೋನ್ ಮಾಡಿದರೆ ತಾವೇ ಎತ್ತಿ, "ಮಲಗಿದಾಳೆ" ಎನ್ನುತ್ತಿದ್ದರು. ಅಮ್ಮನೂ ನಾನೂ ಹೋದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು.

ಹೋದ ಕಾಫಿ ಕೊಯ್ಲಿನಲ್ಲಿ ಚಿಕ್ಕಮ್ಮ ಎದೆ ಹಿಡಿದಂತಾಗುತ್ತಿದೆ ಎಂದರಂತೆ. "ಇವ್ಳಿಗೆ ದಿನಾ ಒಂದೊಂದು ಕಾಯಿಲೆ" ಎಂದು ಚಿಕ್ಕಪ್ಪ ಆಳುಗಳಿಗೆ ಹೇಳಿದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ತಿಥಿಯ ದಿನ ನೆಂಟರೊಬ್ಬರು ಚಿಕ್ಕಪ್ಪನ ಕೈ ಹಿಡಿದು, "ಮರೆವಿನ ಹೆಂಗಸನ್ನ ಮಗು ಥರ ನೋಡ್ಕೊಂಡ್ರಿ" ಎಂದರು. ಚಿಕ್ಕಪ್ಪ ಕಣ್ಣೊರೆಸಿಕೊಂಡರು.

"ಚಿಕ್ಕಮ್ಮನಿಗೆ ಮರೆವಿರಲಿಲ್ಲ" ಎಂದೆ.

ಊಟಕ್ಕೆ ಕೂತವರು ತಲೆ ಎತ್ತಿದರು. ಪಾಪ, ದುಃಖದಲ್ಲಿ ಏನೋ ಅನ್ನುತ್ತಿದ್ದಾಳೆ ಎಂಬಂತೆ ಚಿಕ್ಕಪ್ಪ ನನ್ನ ಕಡೆ ನೋಡಿದರು. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಬಡಿಸುತ್ತಿದ್ದ ಅಮ್ಮ ಪಾತ್ರೆಯನ್ನು ಕೆಳಗಿಟ್ಟು ಬಂದು ನನ್ನ ಪಕ್ಕ ನಿಂತರು.