ಊರಲ್ಲಿಲ್ಲ ಎಂಬ ಶರಾ

ಜೇವರ್ಗಿ ನ್ಯಾಯಾಲಯದ ಅಮೀನ ಸೈದಪ್ಪನ ಕೆಲಸ ಕೇಳುವುದಕ್ಕೆ ಸುಲಭ. ಕೋರ್ಟಿನ ನೋಟಿಸನ್ನು ಹೆಸರಿದ್ದವರ ಕೈಗೆ ಮುಟ್ಟಿಸಿ ಸಹಿ ಪಡೆಯಬೇಕು. ಮುಟ್ಟದಿದ್ದರೆ ಯಾಕೆಂದು ಹಿಂಬದಿಯಲ್ಲಿ ಶರಾ ಬರೆದು ವಾಪಸು ಮಾಡಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಅವನ ಮೋಟಾರ್ ಸೈಕಲ್ಲು ಹೋಗದ ಹಳ್ಳಿಯಿಲ್ಲ, ಅವನು ತಿನ್ನದ ಬೈಗುಳವಿಲ್ಲ.

ಕಲಬುರಗಿಯ ಕೌಟುಂಬಿಕ ನ್ಯಾಯಾಲಯದ ಒಂದು ವಿಚ್ಛೇದನದ ನೋಟಿಸು ಮಾತ್ರ ಅವನ ಬಳಿಗೆ ಮೂರು ಸಲ ಬಂದಿತ್ತು. ಅರ್ಜಿ ಹಾಕಿದವಳು ಅತನೂರಿನ ಸೀಮಾ. ಗಂಡ ಕಲ್ಯಾಣಕುಮಾರನದು ಜೇವರ್ಗಿ ಕಡೆಯ ಹಳ್ಳಿ. ಹೋದಾಗಲೆಲ್ಲ ಅವನ ತಾಯಿ ಗಂಗುಬಾಯಿ ಬಾಗಿಲಿಗೆ ಬಂದು, "ಮಗ ಊರಾಗಿಲ್ರಿ, ಪುಣೆಕ್ಕ ಹೋಗ್ಯಾನ" ಎನ್ನುತ್ತಿದ್ದಳು. ಸೈದಪ್ಪ "ಊರಲ್ಲಿಲ್ಲ" ಎಂದು ಬರೆದು ತಿರುಗಿ ಬರುತ್ತಿದ್ದ.

ಮೂರನೆಯ ಸಲ ನ್ಯಾಯಾಧೀಶರು ಶರಾ ಬರೆದವನನ್ನೇ ಕಲಬುರಗಿಗೆ ಕರೆಸಿ, ಪ್ರಮಾಣ ಮಾಡಿಸಿ ಕೇಳಿದರು: "ತಾಯಿಯನ್ನು ಬಿಟ್ಟು ಬೇರೆ ಯಾರನ್ನು ವಿಚಾರಿಸಿದಿರಿ?"

ಸೈದಪ್ಪ ನಿಜವನ್ನೇ ಹೇಳಿದ: "ಯಾರಿಗೂ ಕೇಳಿಲ್ರಿ ಸಾಹೇಬ್ರ."

ಹೊಸ ನೋಟಿಸಿಗೆ ಆದೇಶವಾಯಿತು. ಹೊರಗೆ ವರಾಂಡದಲ್ಲಿ ಸೀಮಾ ಅವನ ಎದುರಿಗೆ ಬಂದು ನಿಂತಳು.

"ಅಮೀನ ಸಾಹೇಬ್ರ, ತಾರೀಕಿಗೊಮ್ಮೆ ಬಸ್ ಹಿಡದು ಬರ್ತೇನಿ, ಬರೇ ಮುಂದಿನ ತಾರೀಕು ಬರಕೊಂಡು ಹೋಗ್ತೇನಿ. ಎರಡು ವರ್ಷ ಹೋದ್ವು. ಅಂವ ಹೂಂ ಅನ್ಲಿ, ಊಂಹೂಂ ಅನ್ಲಿ, ಒಮ್ಮಿ ಬಂದು ಹೇಳ್ಲಿ. ಇಷ್ಟ ಕೇಳಾಕತ್ತೇನಿ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತಣ್ಣಗೆ ಆಡಿದ ಈ ಮಾತು ಅವನನ್ನು ಬಹಳ ದಿನ ಬಿಡಲಿಲ್ಲ.

ನಾಲ್ಕನೆಯ ನೋಟಿಸು ಕೈಗೆ ಬಂದಾಗ ತೊಗರಿ ಒಕ್ಕುವ ರಾಶಿಯ ದಿನಗಳು. ಸೈದಪ್ಪ ಗಂಗುಬಾಯಿಯ ಮನೆಯ ಕಡೆ ಹೋಗದೆ ಊರಿನ ಚಹಾದಂಗಡಿಯಲ್ಲಿ ವಿಚಾರಿಸಿದ; ಮಗ ಹೊಲದಲ್ಲೇ ಇದ್ದಾನೆಂದು ತಿಳಿಯಿತು. ಪಂಚಾಯ್ತಿ ಸದಸ್ಯ ಮಾಳಿಂಗಪ್ಪನನ್ನು ಸಾಕ್ಷಿಗೆ ಕರೆದುಕೊಂಡು ನೇರವಾಗಿ ಹೊಲಕ್ಕೆ ನಡೆದ. ರಾಶಿ ಯಂತ್ರದ ಧೂಳಿನಲ್ಲಿ ಮುಖಕ್ಕೆ ಟವೆಲ್ಲು ಸುತ್ತಿದ ನಾಲ್ಕು ಮಂದಿ ದುಡಿಯುತ್ತಿದ್ದರು.

"ಕಲ್ಯಾಣಕುಮಾರ ಯಾರ್ರಿ?"

ಮೂವರು ನಾಲ್ಕನೆಯವನ ಕಡೆ ನೋಡಿದರು. ಅವನು ಮೆಲ್ಲಗೆ ಟವೆಲ್ಲು ಬಿಚ್ಚಿದ.

"ಸಹಿ ಮಾಡಿದ್ರ ಪೊಲೀಸರು ಹಿಡ್ಕೊಂಡು ಹೋಗ್ತಾರಂತಲ್ರಿ. ಅದಕ ಅವ್ವ ಸುಳ್ಳು ಹೇಳ್ಯಾಳ."

"ಯಾರು ಹೇಳ್ಯಾರಪಾ ನಿನಗ? ಕೂಡು ಇಲ್ಲಿ, ಓದಿ ಹೇಳ್ತೇನಿ."

ಬದುವಿನ ಮೇಲೆ ಕೂತು ಸೈದಪ್ಪ ನೋಟಿಸನ್ನು ಅಕ್ಷರ ಬಿಡದೆ ಓದಿದ. "ಬಂದು ನಿನ್ನ ಮಾತು ಹೇಳು ಅಂತ ಕರದಾರ, ಅಷ್ಟ. ಹೋಗಲಿಲ್ಲಂದ್ರ ನಿನ್ನ ಮಾತು ಕೇಳದ ತೀರ್ಪು ಆಗ್ತದ."

ಕಲ್ಯಾಣಕುಮಾರ ನೆಲ ಕೆರೆಯುತ್ತ ಕೂತ. "ನಮ್ಮಿಬ್ಬರಿಗೂ ಕೂಡಿ ಬರಲಿಲ್ರಿ. ಬಿಡೋದಕ್ಕ ನಂದೇನು ತಕರಾರಿಲ್ಲ. ಕೋರ್ಟ್ ಅಂದ್ರ ಅಂಜಿಕಿ ಆಗಿತ್ತು." ಸಹಿ ಮಾಡಿದ. ಮಾಳಿಂಗಪ್ಪ ಸಾಕ್ಷಿಯಾಗಿ ಸಹಿ ಹಾಕಿದ.

ತಾರೀಕಿನ ದಿನ ಕಲ್ಯಾಣಕುಮಾರ ಕೋರ್ಟಿಗೆ ಹೋದ. ಅಲ್ಲಿನ ಆಪ್ತಸಮಾಲೋಚಕಿಯ ಮುಂದೆ ಗಂಡಹೆಂಡತಿ ಎರಡು ಸಲ ಕೂತು ಮಾತಾಡಿದರು. ಇಬ್ಬರೂ ಒಪ್ಪಿ ಜಂಟಿ ಅರ್ಜಿ ಕೊಟ್ಟರು. ಕಾನೂನಿನಂತೆ ಕಾಯಬೇಕಾದ ಆರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸೀಮಾಳ ವಕೀಲೆ ಭಾಗ್ಯಜ್ಯೋತಿ ಫೋನು ಮಾಡಿದಳು.

"ಸೈದಪ್ಪಣ್ಣ, ಇವತ್ತು ವಿಚ್ಛೇದನದ ಡಿಕ್ರಿ ಆಯ್ತ್ರಿ. ಸೀಮಾ ನರ್ಸಿಂಗ್ ಕಲಿಯಾಕ ಸೇರ್ಯಾಳ. ನಿಮಗ ಹೇಳ್ರಿ ಅಂದ್ಳು."

ಸೈದಪ್ಪ ಆಗ ಬೇರೊಂದು ಹಳ್ಳಿಯ ಕಿರಾಣಿ ಅಂಗಡಿಯ ಮುಂದೆ ನಿಂತು, ನೋಟಿಸು ಹಿಡಿದು, ಬಾಗಿಲು ಹಾಕಿದ ಒಂದು ಮನೆಯವರ ಬಗ್ಗೆ ಊರವರಲ್ಲಿ ಎರಡನೆಯವರನ್ನು ವಿಚಾರಿಸುತ್ತಿದ್ದ. "ಭಾಳ ಛಲೋ ಆಯ್ತವ್ವಾ" ಎಂದವನೇ ಫೋನು ಕಿಸೆಯಲ್ಲಿಟ್ಟು, ನಗುಮುಖದಿಂದಲೇ ಮೂರನೆಯವರ ಮನೆಯತ್ತ ನಡೆದ.