ನಿಂಗಪ್ಪನ ಕೆಂಪು ಕೋಟು

ಯಲ್ಲದಕೆರೆಯ ನಿಂಗಪ್ಪ ಚಿತ್ರದುರ್ಗದ ಇಮಾಮ್ ಸಾಬರ ಬ್ಯಾಂಡ್ ಸೆಟ್ಟಿಗೆ ಸೇರಿದ್ದು ಎಪ್ಪತ್ಮೂರರಲ್ಲಿ, ಡ್ರಮ್ಮಿನವನು ಕೈಕೊಟ್ಟ ದಿನ. ಹಿರಿಯೂರಿನಲ್ಲಿ ಮದುವೆ ಮೆರವಣಿಗೆ. ಸಂಜೆಯ ಥಂಡಿಗೆ ನಿಂಗಪ್ಪನ ತಮಟೆಯ ಚರ್ಮ ಸಡಿಲವಾಯಿತು. ರಸ್ತೆ ಬದಿಯಲ್ಲಿ ಒಣಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸಲು ಕುಳಿತ. ತಾಳವಿಲ್ಲದೆ ಸಿನಿಮಾ ಹಾಡು ಮುಗ್ಗರಿಸಿತು. ಸಾಬರ ತಮ್ಮ ಸಲೀಂ ಹಾಡನ್ನೇ ಬಿಟ್ಟು ಸ್ಯಾಕ್ಸಫೋನಿನಲ್ಲಿ ಮನಸ್ಸಿಗೆ ಬಂದದ್ದನ್ನು ಊದತೊಡಗಿದ. ಚರ್ಮ ಬಿಗಿಯಾಯಿತೇ ಎಂದು ನೋಡಲು ನಿಂಗಪ್ಪ ಒಂದೇಟು ಹಾಕಿದ. ಸಲೀಂ ಅದಕ್ಕೆ ಉತ್ತರ ಊದಿದ. ಇನ್ನೊಂದೇಟು, ಇನ್ನೊಂದು ಉತ್ತರ. ಮದುವಣಿಗನೇ ಕುದುರೆ ಇಳಿದು ಕುಣಿದ.

ಅಂದಿನಿಂದ ಜನ ಕಾಯುತ್ತಿದ್ದುದೇ ಆ ಬೆಂಕಿಗೆ. ಟ್ರಂಪೆಟ್ಟಿನವನೂ ಹಾಡು ಬಿಟ್ಟು ಆ ಏಟು-ಉತ್ತರದ ಜಗಳಕ್ಕಿಳಿದ. ಯಾವ ಬೀದಿಯಲ್ಲಿ ಏನು ಬರುತ್ತದೆಂದು ಬಾರಿಸುವವರಿಗೇ ಗೊತ್ತಿರುತ್ತಿರಲಿಲ್ಲ. ಬೆಂಗಳೂರು ನೋಡಿ ಬಂದವನೊಬ್ಬ, "ಇದು ಜಾಝ್ ಕಣ್ರಿ" ಎಂದ.

"ಹೆಸರಿಡಾಕೆ ಎಲ್ರೂ ಬತ್ತಾರೆ, ಕೋಟು ಹೊಲ್ಸಾಕೆ ಯಾರೂ ಬರಲ್ಲ," ಎಂದ ನಿಂಗಪ್ಪ.

ಎಲ್ಲರಿಗೂ ಕೆಂಪು ಕೋಟಿತ್ತು, ಅವನಿಗೆ ಮಾತ್ರ ಇಲ್ಲ. ನಾಲ್ಕು ವರ್ಷ ಬನಿಯನ್ನಿನಲ್ಲೇ, ಗ್ಯಾಸ್‌ಲೈಟ್ ಹೊರುವವರ ಹಿಂದೆ ನಡೆದ. ಕೇಳಿದಾಗಲೆಲ್ಲ ಸಾಬರದು ಒಂದೇ ಮಾತು: "ಮುಂದಿನ ಸೀಜನ್‌ಗೆ ನೋಡಾಣ ಬಿಡಪ್ಪ."

ಆಮೇಲೆ ಹೊಸದುರ್ಗದ ಮದುವೆ ಬಂತು. ಗಂಡಿನ ಚಿಕ್ಕಪ್ಪ ಗೋವಿಂದಯ್ಯ ಅಡ್ಡ ನಿಂತ. "ಏನ್ರಿ ಸಾಬ್ರೆ, ಸಾವಿಗೆ ಬಾರ್ಸೋ ತಮಟೆನ ಮದ್ವೆಗೆ ತಂದೀರಲ್ಲ! ನಮಗೆ ಆ ಬೆಂಕಿ ಬಾಜಾ ಬೇಕು, ಇವನು ಬ್ಯಾಡ."

"ಲೇ ನಿಂಗ, ಇವತ್ತೊಂದಿನ ಲಾರಿ ತಾವ ಕುಂತ್ಕಳಪ್ಪ," ಎಂದರು ಸಾಬರು, ಮುಖ ನೋಡದೆ. ಸಲೀಂ ತನ್ನ ಬೂಟು ನೋಡಿಕೊಂಡ.

ನಿಂಗಪ್ಪ ಲಾರಿಯ ಪಕ್ಕದಲ್ಲೇ ಬೆಂಕಿ ಹಚ್ಚಿದ. ಉಗುರು ತಾಗಿದರೂ ಟಣ್ ಎನ್ನುವಷ್ಟು ತಮಟೆ ಕಾಯಿಸಿದ. ಮೆರವಣಿಗೆ ಅಲ್ಲಿಗೆ ಬಂದಾಗ ಬೆಂಕಿ ಕಂಡ ಜನ ಶಿಳ್ಳೆ ಹೊಡೆದರು. ಸಲೀಂ ಊದಿದ. ನಿಂಗಪ್ಪ ತಮಟೆಯನ್ನು ಎದೆಗವಚಿಕೊಂಡು ನಿಂತ, ಬಾರಿಸಲಿಲ್ಲ. ಸಲೀಂ ಮತ್ತೆ ಊದಿದ. ಉತ್ತರವಿಲ್ಲ. ಟ್ರಂಪೆಟ್ ನಿಂತಿತು, ಕುಣಿಯುವ ಕಾಲುಗಳೂ ನಿಂತವು.

"ಬಾರ್ಸೋ ಮಾರಾಯ, ಮರ್ಯಾದೆ ಹೋಗ್ತೈತೆ!" ಗೋವಿಂದಯ್ಯನೇ ಕಿರುಚಿದ.

"ಇದು ಸಾವಿಗೆ ಬಾರ್ಸೋದು ಸ್ವಾಮಿ. ಯಾರು ಸತ್ತಾರೆ ಹೇಳ್ರಿ, ಬಾರಿಸ್ತೀನಿ."

ಸಲೀಂ ತನ್ನ ಕೋಟು ಬಿಚ್ಚಿ ಚಾಚಿದ. "ತಗಳ್ಳಣ್ಣ."

"ನಿನ್ನ ಬೆವರು ನಂಗ್ಯಾಕಲೇ? ನನ್ನ ಅಳತೆದು ಹೊಲ್ಸು, ಆಮೇಲೆ ಕರಿ." ತಮಟೆ ಹೆಗಲಿಗೇರಿಸಿ ನಿಂಗಪ್ಪ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮುಂದಿನ ಮದುವೆಗಳಲ್ಲಿ ಜನ "ಬೆಂಕಿ ಎಲ್ರಿ?" ಎಂದು ಕೇಳಿ, ಅರ್ಧಕ್ಕೇ ಚದುರಿದರು. ಕೊನೆಗೆ ಸಲೀಂ ಅಳತೆ ಟೇಪು ಹಿಡಿದು ಯಲ್ಲದಕೆರೆಗೆ ಬಂದ. ಸಾಬರ ಹೆಂಡತಿ ತಾಜ್ ಬೀ ಕೋಟು ಹೊಲಿದಳು.

ಹೊಳಲ್ಕೆರೆಯ ಮದುವೆಯಲ್ಲಿ ನಿಂಗಪ್ಪ ಅದನ್ನು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿ, ಎಲ್ಲರಿಗಿಂತ ಮುಂದೆ ಬೆಂಕಿ ಹಚ್ಚಿ ಕುಳಿತ. ಮೆರವಣಿಗೆಯೆಲ್ಲ ಅವನ ಬೆನ್ನ ಹಿಂದೆ.

"ಹೋಗಾಣೇನಪ್ಪ ನಿಂಗಪ್ಪ?" ಎಂದರು ಸಾಬರು.

ಅವನು ತಿರುಗಿ ನೋಡಲಿಲ್ಲ. "ನಿಂತಿರ್ರಿ ಸಾಬ್ರೆ. ನಾನು ನಾಲ್ಕು ವರ್ಷ ನಿಂತಿದ್ದೆ."