ಕರೆಂಟಿನ ಪಾತ್ರೆಯ ಅಡಿಯ ಕೊಳ್ಳಿ

ಗದಗಿನ ನಮ್ಮ ಓಣಿಯವರಿಗೆ ಹೇಳಿದರೆ ನಂಬಲಿಕ್ಕಿಲ್ಲ, ಮಂಗಳೂರಿಗೆ ಬಂದ ಮೊದಲ ದಿನ ನಾನು ಅನ್ನವನ್ನು ಮುಂದಿಟ್ಟುಕೊಂಡೇ ಅನ್ನಕ್ಕಾಗಿ ಕಾಯುತ್ತ ಕೂತಿದ್ದೆ. ಹೋಟೆಲಿನ ಬಾಳೆಲೆಯ ಮೇಲೆ ಕೆಂಪಗೆ, ದಪ್ಪಗೆ ಏನೋ ಬಿದ್ದಿತ್ತು. ಇದು ಯಾವುದೋ ಕಾಳಿನ ಪಲ್ಯ, ಅನ್ನ ಹಿಂದೆ ಬರುತ್ತದೆ ಎಂದುಕೊಂಡೆ. ಬಡಿಸುವವರು ಎರಡು ಸಲ ಹತ್ತಿರ ಬಂದು ನೋಡಿ, "ಎಂತ, ಊಟ ಸೇರುದಿಲ್ವಾ?" ಎಂದರು.

"ಅನ್ನ ಬರ್ಲಿ ಅಂತ ಕುಂತೀನ್ರಿ" ಎಂದೆ.

"ಅದೇ ಅನ್ನ ಮಾರಾಯ್ರೆ. ಕುಚ್ಚಲಕ್ಕಿದು."

ಭತ್ತವನ್ನು ಮೊದಲೇ ಕುದಿಸಿ, ಒಣಗಿಸಿ, ಆಮೇಲೆ ಕುಟ್ಟಿಸಿದ ಅಕ್ಕಿಗೆ ಇಲ್ಲಿ ಕುಚ್ಚಲಕ್ಕಿ ಎನ್ನುತ್ತಾರೆ. ಅಗಿದಷ್ಟೂ ಬಾಯಿಯಲ್ಲೇ ಉಳಿಯುತ್ತಿದ್ದ ಆ ಅನ್ನವನ್ನು ಅರ್ಧ ತಿಂದು, ಅರ್ಧ ಬಿಟ್ಟು ಎದ್ದೆ.

ಎಂಬತ್ತರ ದಶಕದ ಆರಂಭದ ವರ್ಷಗಳವು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಒಬ್ಬರು ತುಳುವಿನಲ್ಲಿ ನಂಬರು ಕೇಳುತ್ತಿದ್ದರು, ಇನ್ನೊಬ್ಬರು ಕೊಂಕಣಿಯಲ್ಲಿ, ಮತ್ತೊಬ್ಬರು ಬ್ಯಾರಿಯಲ್ಲಿ. ನಾನು ಕನ್ನಡದಲ್ಲಿ ಬಾಯಿ ತೆರೆದೊಡನೆ ಅವರೂ ಕನ್ನಡಕ್ಕೆ ಬರುತ್ತಿದ್ದರು. ನಮ್ಮಲ್ಲಿ ಕನ್ನಡ ಮೈಗಂಟಿದ ಮನೆಯ ಬಟ್ಟೆ. ಇಲ್ಲಿ ಅದು ಹೊರಗೆ ಹೋಗುವಾಗ ಉಡುವ ಇಸ್ತ್ರಿ ಸೀರೆ. ಅಷ್ಟು ಶುದ್ಧವಾದ ಕನ್ನಡ ಕೇಳಿ ಮೊದಮೊದಲು ನನಗೆ ಎಲ್ಲರೂ ಸಿಟ್ಟಿನಲ್ಲಿದ್ದಾರೇನೋ ಅನ್ನಿಸುತ್ತಿತ್ತು.

ನಂತೂರಿನ ಹತ್ತಿರ ಲಿಲ್ಲಿ ಬಾಯಿಯವರ ಮನೆಯ ಹಿಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಬಾಯಿ ಎಂದರೆ ಇಲ್ಲಿನ ಕ್ರಿಶ್ಚಿಯನ್ ಮನೆಗಳ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ರೀತಿ. ಗಂಡ ಗ್ರೆಗರಿಯವರು ಬಹರೈನಿನಲ್ಲಿದ್ದರು. ಮಕ್ಕಳಿರಲಿಲ್ಲ. ಬಾಯಿ ನನಗೆ ಹಾಕಿದ ಷರತ್ತು ಒಂದೇ.

"ಕೋಣೆಯಲ್ಲಿ ಸ್ಟವ್ ಹೊತ್ತಿಸ್ಬಾರ್ದು. ಮೊದಲು ಇದ್ದವಳು ಮಾಡಿನ ಹಲಗೆ ಸುಟ್ಟು ಹಾಕಿ ಹೋಗಿದ್ದಾಳೆ, ನೋಡು."

ನೋಡಿದೆ. ಸೂರಿನ ಹಲಗೆ ಕಪ್ಪಾಗಿತ್ತು. ಅವ್ವ ಟ್ರಂಕಿನಲ್ಲಿ ಕಟ್ಟಿಕೊಟ್ಟಿದ್ದ ಜೋಳದ ಹಿಟ್ಟು, ರೊಟ್ಟಿಯ ಹಂಚು ಎರಡೂ ಟ್ರಂಕಿನಲ್ಲೇ ಉಳಿದವು. ದಿನವೂ ಹೋಟೆಲು. ತೆಂಗಿನೆಣ್ಣೆ ಒಗ್ಗದೆ ಹೊಟ್ಟೆ ಕೆಟ್ಟಿತು, ಮೈ ಇಳಿಯಿತು. ಆದರೂ ವಾರಕ್ಕೊಂದು ಸಲ ಅವ್ವನಿಗೆ ಬರೆಯುತ್ತಿದ್ದೆ: ದಿನಾ ರೊಟ್ಟಿ ಬಡಿಯುತ್ತೇನೆ, ಚೆನ್ನಾಗಿ ಉಬ್ಬುತ್ತವೆ, ಚಿಂತೆ ಮಾಡಬೇಡ.

ಬಾಯಿಯ ಹಜಾರದಲ್ಲಿ ಒಂದು ಮೇಜು, ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದ ದುಂಡನೆಯ ಒಂದು ವಸ್ತು ಇತ್ತು. ಮೊದಲು ನಾನು ಅದನ್ನು ದೇವರ ಸಾಮಾನು ಎಂದುಕೊಂಡು ಕೈ ಮುಗಿದದ್ದೂ ಉಂಟು. ಆಗಸ್ಟಿನ ಒಂದು ಭಾನುವಾರ ಇಗರ್ಜಿಯಿಂದ ಬಂದವರೇ ಬಾಯಿ ನನ್ನನ್ನು ಕರೆದು, ಬಾಗಿಲು ಮುಂದೆ ಮಾಡಿ, ಆ ಬಟ್ಟೆ ತೆಗೆದರು. ಅದೊಂದು ಅಡುಗೆಯ ಯಂತ್ರ. ದಪ್ಪ ತಳದ ಪಾತ್ರೆ, ಅಡಿಯಲ್ಲೇ ಕರೆಂಟಿನ ಬಿಸಿ, ಗಾಜಿನ ಮುಚ್ಚಳ, ಆವಿಯಲ್ಲಿ ಬೇಯಿಸಲು ತೂತಿನ ತಟ್ಟೆಗಳು, ಉರಿ ಹೆಚ್ಚು ಕಡಿಮೆ ಮಾಡಲು ಒಂದು ತಿರುಪು. ಬೇಯಿಸುವುದು, ಹುರಿಯುವುದು, ಕೇಕು ಮಾಡುವುದು, ಎಲ್ಲ ಅದರಲ್ಲೇ. ಬಾಯಿ ಅದನ್ನು 'ಆಲ್-ಇನ್-ಒನ್' ಎನ್ನುತ್ತಿದ್ದರು.

"ತೊಕ್ಕೊಟ್ಟಿನವರೊಬ್ಬರು ರಜೆಯಲ್ಲಿ ಬರುವಾಗ ಇವರು ಅವರ ಕೈಯಲ್ಲಿ ಕಳಿಸಿದ್ದು. ವರ್ಷ ದಾಟಿತು. ಪ್ಲಗ್ಗು ನೋಡು, ಚೌಕ ಚೌಕ. ನಮ್ಮ ಗೋಡೆಗೆ ಹೋಗುದಿಲ್ಲ. ಕರೆಂಟು ಅಂದರೆ ನನಗೆ ಹೆದರಿಕೆ ಬೇರೆ" ಎಂದರು.

"ಮತ್ತ ಅವ್ರಿಗೆ ಬರೀಬೇಕಿಲ್ರಿ?"

ಬಾಯಿ ಸೆರಗಿನ ತುದಿ ತಿರುಚಿದರು. "ಬರೆದೆ. ಅದರಲ್ಲಿ ಗಂಜಿ ಮಾಡಿದೆ, ಸನ್ನ ಮಾಡಿದೆ, ಕೇಕ್ ಮಾಡಿದೆ ಅಂತ ಬರೆದೆ. ಅಷ್ಟು ಆಸೆಯಲ್ಲಿ ಕಳಿಸಿದ್ದಾರೆ, ಹೇಗೆ ಬೇಜಾರು ಮಾಡುದು? ಪ್ರತಿ ಕಾಗದದಲ್ಲಿ ಕೇಳ್ತಾರೆ, ಈ ಸಲ ಎಂತ ಮಾಡಿದೆ, ಹೇಗೆ ಮಾಡಿದೆ ಅಂತ. ಪ್ರತಿ ಸಲ ಒಂದೊಂದು ಹುಟ್ಟಿಸಿ ಬರೆದೆ. ಈಗ ಕ್ರಿಸ್‌ಮಸ್ಸಿಗೆ ಬರ್ತಾರಂತೆ, ಶಾಂತಾ."

ನಾನು ನಕ್ಕೆ. ಬಾಯಿ ನಗಲಿಲ್ಲ.

"ನಮ್ಮ ಸಂಸಾರ ಪೂರ್ತಿ ಕಾಗದದಲ್ಲಿ ಉಂಟು. ಎರಡು ವರ್ಷಕ್ಕೆ ಒಂದು ತಿಂಗಳು ಮುಖ ನೋಡುದು. ಇದು ಸುಳ್ಳು ಅಂತ ಗೊತ್ತಾದರೆ, ಮತ್ತೆ ನಾನು ಬರೆದ ಎಂತದನ್ನು ಅವರು ನಂಬುದು?"

ಆಗ ನನ್ನ ನಗು ನಿಂತಿತು. ಅವ್ವನಿಗೆ ಹಿಂದಿನ ದಿನವಷ್ಟೇ ಬರೆದಿದ್ದ ಕಾಗದ ನೆನಪಾಯಿತು.

ಎಕ್ಸ್‌ಚೇಂಜಿನಲ್ಲಿ ಸ್ಕ್ರೂ ಡ್ರೈವರ್ ಹಿಡಿಯಲು ಕಲಿತಿದ್ದೆ. ಪಂಪ್‌ವೆಲ್ಲಿನ ಅಂಗಡಿಯಿಂದ ಗುಂಡು ಕಡ್ಡಿಯ ಪ್ಲಗ್ಗು ತಂದು ನಾನೇ ಹಾಕಿದೆ. ಸ್ವಿಚ್ ಒತ್ತುವಾಗ ಬಾಯಿ ಬಾಗಿಲಾಚೆ ನಿಂತು ಜಪಮಾಲೆ ಹಿಡಿದಿದ್ದರು. ಏನೂ ಆಗಲಿಲ್ಲ, ನೀರು ಬಿಸಿಯಾಯಿತು.

ಮೊದಲ ಅಡುಗೆ ಕೆಟ್ಟದ್ದು ನನ್ನಿಂದ. ನಮ್ಮ ಬಿಳಿ ಅಕ್ಕಿಯ ಲೆಕ್ಕದಲ್ಲಿ ಒಂದಕ್ಕೆ ಎರಡು ನೀರು ಹಾಕಿ ಕುಚ್ಚಲಕ್ಕಿ ಇಟ್ಟೆ. ನೀರು ಆರಿತು, ಅಕ್ಕಿ ಅಕ್ಕಿಯಾಗಿಯೇ ಉಳಿಯಿತು. ಆಮೇಲೆ ದಾರಿ ಕಂಡುಕೊಂಡೆವು. ಡ್ಯೂಟಿಗೆ ಹೋಗುವ ಮೊದಲು ಅಕ್ಕಿ ನೆನೆಹಾಕಿ, ಬಂದ ಮೇಲೆ ಐದು ಪಟ್ಟು ನೀರಿಟ್ಟು, ಒಂದು ಕುದಿ ಬರಿಸಿ, ಸ್ವಿಚ್ ತೆಗೆದು ಮುಚ್ಚಳ ತೆರೆಯದೆ ಅರ್ಧ ಗಂಟೆ ಬಿಟ್ಟು, ಮತ್ತೆ ಹಾಕಿದರೆ ಅಗುಳು ಅರಳುತ್ತಿತ್ತು. ಅದಕ್ಕೆ ಉಪ್ಪು, ಒಂದು ತುಂಡು ಮಾವಿನ ಉಪ್ಪಿನಕಾಯಿ. ಕೆಟ್ಟ ನನ್ನ ಹೊಟ್ಟೆಯನ್ನು ಸರಿ ಮಾಡಿದ್ದು ಆ ಗಂಜಿಯೇ. ತೂತಿನ ತಟ್ಟೆಯಲ್ಲಿ ಬಟ್ಟಲಿಟ್ಟು ಸನ್ನ ಬೇಯಿಸಿದೆವು. ಅದು ಶೇಂದಿ ಹಾಕಿ ಹುಳಿ ಬರಿಸಿದ ಹಿಟ್ಟಿನ ಇಡ್ಲಿ, ನಮ್ಮ ಇಡ್ಲಿಗಿಂತ ಮೆತ್ತಗೆ, ತುಸು ಸಿಹಿ. ಕೆಸುವಿನ ಎಲೆಯ ಪತ್ರೊಡೆಯ ಉದ್ದ ಸುರುಳಿ ಪಾತ್ರೆಯಲ್ಲಿ ಹಿಡಿಸದೆ ಮೊದಲೇ ತುಂಡು ಮಾಡಿ ಇಟ್ಟೆವು. ರವೆ, ಕಾಯಿತುರಿ, ಸಕ್ಕರೆ ಕಲಸಿ ತಳಕ್ಕೆ ಬಾಳೆಲೆ ಹಾಸಿ ಕೇಕು ಮಾಡಿದೆವು. ಎರಡು ಸಲ ತಳ ಸೀದು ಮೂರನೆಯ ಸಲ ಬಂತು. ನಾನು ಊರಿಂದ ತರಿಸಿದ ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಸುರಿದು ಕೊಟ್ಟಾಗ ಬಾಯಿ ಎರಡು ಬಟ್ಟಲು ಉಂಡರು. ರೊಟ್ಟಿ ಮಾತ್ರ ಅದರ ಕೈಲಾಗಲಿಲ್ಲ. ಪಾತ್ರೆಯ ಅಂಚು ಎತ್ತರ, ಮಗುಚಲು ಹೋದರೆ ಹರಿಯುತ್ತಿತ್ತು.

ನಾನು ಮೀನು ಮಾಂಸ ತಿನ್ನುವವಳಲ್ಲ. ನಾನು ಕೇಳದೆಯೇ ಬಾಯಿ ಹೇಳಿದ್ದರು: "ನೀನು ಉಣ್ಣುವ ಪಾತ್ರೆ ಇದು. ನನ್ನ ಮೀನಿಗೆ ಮಣ್ಣಿನ ಮಡಕೆ ಉಂಟು." ಪರಊರಿನಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು. ಅವತ್ತು ಕೋಣೆಗೆ ಹೋಗಿ ಅತ್ತೆ.

ಡಿಸೆಂಬರಿನಲ್ಲಿ ಗ್ರೆಗರಿಯವರು ಬಂದರು. ಎತ್ತರದ, ಕಡಿಮೆ ಮಾತಿನ ಮನುಷ್ಯ. ಬಂದ ಮರುದಿನ ಬೆಳಿಗ್ಗೆ ಬಾಯಿ ನನ್ನನ್ನು ಆಸರೆಗೆಂಬಂತೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಗಂಜಿ ಇಟ್ಟರು. ಗ್ರೆಗರಿಯವರು ಬಂದು ಯಂತ್ರವನ್ನು ನೋಡಿದರು, ಹೊಸ ಪ್ಲಗ್ಗನ್ನು ನೋಡಿದರು, ಕುರ್ಚಿ ಎಳೆದು ಕೂತರು. ಕುದಿ ಬರುತ್ತಿದ್ದಂತೆ, ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು:

"ಲಿಲ್ಲಿ, ಒಂದು ಕೊಳ್ಳಿ ಎಳೆ."

ಬಾಯಿ ಅರ್ಥವಾಗದೆ ನೋಡಿದರು. ಅವರು ಒಳಗೆ ಹೋಗಿ ಕಾಗದಗಳ ಒಂದು ಕಟ್ಟು ತಂದರು. ಇಲ್ಲಿನ ಕ್ರಿಶ್ಚಿಯನ್ನರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಒಂದೊಂದು ಅಕ್ಷರವನ್ನೂ ನಾನು ಓದಬಲ್ಲೆ, ಅರ್ಥ ಮಾತ್ರ ಸಿಗುವುದಿಲ್ಲ. ಅವರೇ ಒಂದು ಕಾಗದ ಬಿಡಿಸಿ ಕನ್ನಡಕ್ಕೆ ತಿರುಗಿಸಿ ಓದಿದರು: "ಆಲ್-ಇನ್-ಒನ್‌ನಲ್ಲಿ ಗಂಜಿ ಇಟ್ಟೆ. ಕುದಿ ಬಂದ ಕೂಡಲೇ ಅಡಿಯಿಂದ ಒಂದು ಕೊಳ್ಳಿ ಹಿಂದಕ್ಕೆ ಎಳೆದೆ."

ಬಾಯಿಯವರ ಮುಖ ಬಿಳಿಚಿತು. ಮೂವತ್ತು ವರ್ಷ ಸೌದೆಯ ಒಲೆಯ ಮುಂದೆ ಕೂತ ಕೈ, ಕರೆಂಟಿನ ಪಾತ್ರೆಯ ಬಗ್ಗೆ ಬರೆಯುವಾಗಲೂ ಉರಿ ಕಡಿಮೆ ಮಾಡಲು ಕೊಳ್ಳಿಯನ್ನೇ ಎಳೆದಿತ್ತು.

"ಹಾಗಾದರೆ ಆವತ್ತಿಂದಲೇ ಗೊತ್ತುಂಟು ನಿಮಗೆ" ಎಂದರು, ಸಣ್ಣ ಸ್ವರದಲ್ಲಿ.

"ಮೊದಲ ಕಾಗದದಿಂದ. ನಮ್ಮ ರೂಮಿನಲ್ಲಿ ಆರು ಜನ. ಅಲ್ಲಿಯೂ ಇಂತದ್ದೇ ಒಂದು ಉಂಟು. ನೀನು ಬರೆದದ್ದನ್ನು ಓದಿ ಓದಿ ನಾವು ಹಾಗೆಯೇ ಮಾಡಿದೆವು. ಎಲ್ಲ ಆಯಿತು. ಪತ್ರೊಡೆ ಒಂದು ಆಗಲಿಲ್ಲ, ಕೆಸುವಿನ ಎಲೆ ಎಲ್ಲಿಂದ ತರುದು? ಈಗ ಅಲ್ಲಿ ಉರಿ ಕಡಿಮೆ ಮಾಡು ಅಂತ ಯಾರೂ ಹೇಳುದಿಲ್ಲ. ಕೊಳ್ಳಿ ಎಳೆ ಅಂತಲೇ ಹೇಳುದು."

"ಗೊತ್ತಿದ್ದೂ ಎಂತಕ್ಕೆ ಕೇಳಲಿಲ್ಲ?"

"ಕೇಳಿದ್ದರೆ ನೀನು ಬರೆಯುದು ನಿಲ್ಲಿಸ್ತಿದ್ದೆ. ಮತ್ತೆ ನಾವು ಆರು ಜನ ಎಂತ ತಿನ್ನುದು?"

ಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ, ಎರಡೂ ಇರಬೇಕು. ಗಂಜಿ ಉಕ್ಕಿತು. ತಿರುಪನ್ನು ನಾನೇ ಕಡಿಮೆ ಮಾಡಿ ಕೋಣೆಗೆ ಬಂದೆ.

ಬಂದು ಅವ್ವನಿಗೆ ಇದ್ದದ್ದು ಇದ್ದ ಹಾಗೆ ಬರೆದೆ: ಇಲ್ಲಿ ನಾನು ಒಂದು ದಿನವೂ ರೊಟ್ಟಿ ಮಾಡಿಕೊಂಡಿಲ್ಲ, ಹಂಚು ಟ್ರಂಕಿನಲ್ಲಿದೆ, ಈಗ ಬಾಯಿಯವರ ಜೊತೆ ಗಂಜಿ ಉಣ್ಣುತ್ತೇನೆ. ವಾರದೊಳಗೆ ಉತ್ತರ ಬಂತು. "ನಿನ್ನ ಕಾಗದದಾಗ ಇಷ್ಟು ತಿಂಗಳಿಗೆ ಒಂದ ರೊಟ್ಟೀನೂ ಹರಿಲಿಲ್ಲ. ಮನ್ಯಾಗಿದ್ದಾಗ ದಿನಾ ಒಂದರ ಹರೀತಿದ್ದಿ. ನನಗ ಆವಾಗ್ಲೇ ತಿಳೀತು. ಹೊಟ್ಟಿ ತುಂಬ ಉಣ್ಣು, ಗಂಜಿ ಆದ್ರೂ ಆಗ್ಲಿ."

ಮೇ ತಿಂಗಳಲ್ಲಿ ರಜೆ ಹಾಕಿ ಗದಗಿಗೆ ಹೋದೆ. ಅವ್ವನ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ. ವರ್ಷವೆಲ್ಲ ಕನಸಿನಲ್ಲಿ ಕಂಡದ್ದು ತಟ್ಟೆಯಲ್ಲಿತ್ತು, ಆಸೆಪಟ್ಟು ಉಂಡೆ. ನಾಲ್ಕನೆಯ ದಿನಕ್ಕೆ ನಾಲಿಗೆ ಕೆಂಪು ಗಂಜಿ ಕೇಳತೊಡಗಿತು. ಅವ್ವನಿಗೆ ಹೇಳಲು ಮನಸ್ಸು ಬರಲಿಲ್ಲ. ಇಲ್ಲಿದ್ದಾಗ ಅಲ್ಲಿಯದು ಬೇಕು, ಅಲ್ಲಿದ್ದಾಗ ಇಲ್ಲಿಯದು ಬೇಕು, ಇನ್ನು ನನ್ನ ಹಸಿವು ಒಂದೇ ಊರಿನಲ್ಲಿ ತೀರುವುದಿಲ್ಲ ಎಂದು ಅವತ್ತು ತಿಳಿಯಿತು. ಲಿಲ್ಲಿ ಬಾಯಿಯವರಿಗೆ ಒಂದು ಕಾರ್ಡು ಹಾಕಿದೆ: ಇಲ್ಲಿಯೂ ದಿನಾ ಗಂಜಿ ಮಾಡಿಕೊಂಡು ಉಣ್ಣುತ್ತಿದ್ದೇನೆ, ನನ್ನ ಚಿಂತೆ ಬೇಡ.

ಉತ್ತರವೂ ಕಾರ್ಡಿನಲ್ಲೇ ಬಂತು. ನಾನು ಉಣ್ಣುತ್ತ ಕೂತಿದ್ದಾಗ ಅವ್ವನೇ ಅದನ್ನು ಗಟ್ಟಿಯಾಗಿ ಓದಿದಳು: "ಗದಗದಲ್ಲಿ ಕುಚ್ಚಲಕ್ಕಿ ಎಲ್ಲಿ ಉಂಟು ಮಾರಾಯ್ತಿ? ಯಾವ ಬಸ್ಸಿಗೆ ಬರ್ತಿ ಬರೆ. ಅಕ್ಕಿ ನೆನೆಹಾಕಿ ಇಡ್ತೇನೆ."

ನಾನು ತಲೆ ಎತ್ತಲಿಲ್ಲ. ಅವ್ವ ಕಾರ್ಡನ್ನು ಗೋಡೆಯ ಗೂಡಿನಲ್ಲಿಟ್ಟಳು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಒಳಗೆ ಹೋಗಿ, ಬಾಯಿಯವರಿಗೆಂದು ಜೋಳದ ನುಚ್ಚು ಅರಿವೆಯಲ್ಲಿ ಕಟ್ಟತೊಡಗಿದಳು.

"ಅಕ್ಕಿ ನೆನಿ ಹಾಕಿ ಕುಂತವರನ್ನ ಕಾಯಿಸಬಾರದು" ಎಂದಳು ಅಲ್ಲಿಂದಲೇ. "ಉಂಡಾದ ಮ್ಯಾಲ ಬಸ್ಸು ಯಾವ್ದಂತ ಬರಿ."